ವಾಲ್ವ್ ಸ್ಪ್ರಿಂಗ್ ರಿವರ್ಬ್ ಮೊದಲ ಸಲ ಮಾಡ್ಬೇಕು, ಹಳೇ ರೇಡಿಯೋ ಟ್ರಾನ್ಸ್‌ಫಾರ್ಮರ್ ಆಗುತ್ತಾ?

ಕೌಲ್‌ಬಜಾರ್ ಗಿಟಾರ್, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್‌ಬಜಾರಲ್ಲಿ ಜೀನ್ಸ್ ಯೂನಿಟ್‌ಗಳ ಹೊಲಿಗೆ ಮಷಿನ್ ರಿಪೇರಿ ನನ್ನ ಕೆಲಸ. ಓವರ್‌ಲಾಕ್, ಬಾರ್‌ಟ್ಯಾಕ್, ಫೀಡ್ ಆಫ್ ಆರ್ಮ್ ಎಲ್ಲಾ ಬಿಚ್ಚಿ ಜೋಡಿಸ್ತೀನಿ. ಸರ್ವೋ ಮೋಟಾರಿನ ಬೋರ್ಡಲ್ಲಿ ಮಾಸ್ಫೆಟ್, ಕೆಪಾಸಿಟರ್ ಬದಲಿಸೋದು ರೂಢಿ ಐತೆ, ಹಂಗಾಗಿ ಸೋಲ್ಡರಿಂಗ್‌ಗೆ ಹೆದರಿಕೆ ಇಲ್ಲ. ವಾಲ್ವ್ (ಹಳೇ ರೇಡಿಯೋದೊಳಗಿನ ಗಾಜಿನ ಬುರುಡೆ) ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ.

ಸೀಜನ್ನಲ್ಲಿ ಆರ್ಕೆಸ್ಟ್ರಾಕ್ಕೆ ಗಿಟಾರ್ ನುಡಿಸ್ತೀನಿ. ಗಣಪತಿ ಪೆಂಡಾಲು, ಮದುವೆ ರಿಸೆಪ್ಷನ್ನು, ಉರುಸು. ಹಳೇ ಹಾಡಿನ ಲೀಡ್ ಬಂದಾಗ ನಮ್ಮ ಕೀಬೋರ್ಡಿನವನು ಅವನ ಪೆಟ್ಟಿಗೆಯೊಳಗಿನ ರಿವರ್ಬ್ (ಸ್ವರದ ಹಿಂದೆ ಗುಂಗು ಬರಿಸೋದು) ಹಾಕ್ಕೊಂಡು ಮೆರೀತಾನೆ, ನನ್ನದು ಒಣ ಒಣ ಕೇಳ್ಸುತ್ತೆ. ಡಿಜಿಟಲ್ ಪೆಡಲ್ ಐತೆ, ಅದರಲ್ಲಿ 'ಸ್ಪ್ರಿಂಗ್' ಅಂತ ಒಂದು ಸೆಟ್ಟಿಂಗೂ ಐತೆ. ಆದ್ರೆ ತಂತಿ ಒತ್ತಿಹಿಡಿದು ಚಿಟುಕಿಸಿದಾಗ ನಲ್ಲಿ ತೊಟ್ಟಿಕ್ಕಿದಂಗೆ ಬರೋ ಆ ಸದ್ದು ಅದರಲ್ಲಿ ಬರಲ್ಲ.

ಓದಿ ನೋಡಿದ್ರೆ ಆ ಸದ್ದಿನ ಮೂಲ ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1961ರಲ್ಲಿ ತಂದ ಬೇರೆ ಪೆಟ್ಟಿಗೆ, 6ಜಿ15. ಮೂರೇ ನಾಬು: ಡ್ವೆಲ್ (ಸ್ಪ್ರಿಂಗಿಗೆ ಎಷ್ಟು ಜೋರಾಗಿ ಸಿಗ್ನಲ್ ಕೊಡೋದು ಅನ್ನೋದು), ಮಿಕ್ಸರ್, ಟೋನ್. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುತ್ತೆ, ಆಂಪ್ ಬಿಚ್ಚೋ ಅಗತ್ಯ ಇಲ್ಲ. ಅದೇ ನನಗೆ ಹಿಡಿಸಿದ್ದು. ಆಸೆ ತಡೆಯದೆ ಸ್ಪ್ರಿಂಗ್ ಟ್ಯಾಂಕ್ (ಗುಂಗು ಬರಿಸೋ ಸ್ಪ್ರಿಂಗ್ ಇರೋ ಡಬ್ಬಿ) ಆನ್‌ಲೈನಲ್ಲಿ ತರಿಸಿಟ್ಟೀನಿ, ಮೇಲೆ 4ಎಬಿ3ಸಿ1ಬಿ ಅಂತ ನಂಬರ್ ಐತೆ. ಮಿಕ್ಕಿದ್ದು ಏನೂ ಇಲ್ಲ.

ಸಿರುಗುಪ್ಪದಾಗೆ ನಮ್ಮ ಸೋದರಮಾವನ ಮನೇಲಿ ಒಂದು ವಾಲ್ವ್ ರೇಡಿಯೋ ಬಿದ್ದಿತ್ತು, ತಂದೀನಿ. ಕ್ಯಾಬಿನೆಟ್ ಗೆದ್ದಲು ತಿಂದೈತೆ, ಡಯಲಿನ ದಾರ ಹರಿದೈತೆ, ಒಳಗಿನ ಷಾಸಿ (ತಗಡಿನ ಚೌಕಟ್ಟು) ಮಾತ್ರ ಗಟ್ಟಿ. ಅದರ ಟ್ರಾನ್ಸ್‌ಫಾರ್ಮರ್ ತೆಗೆದು ಬಳಸಬಹುದಾ? ಸರ್ಕ್ಯೂಟಲ್ಲಿ ಬರೋ ರಿವರ್ಬ್ ಟ್ರಾನ್ಸ್‌ಫಾರ್ಮರ್ ಇಲ್ಲೆಲ್ಲೂ ಸಿಗ್ತಿಲ್ಲ, ಮೋಟಾರ್ ವೈಂಡಿಂಗ್ ಅಂಗಡಿಯವರಿಗೆ ಕೊಟ್ಟು ಸುತ್ತಿಸಬಹುದಾ? ಇನ್ನೊಂದು, ವಾಲ್ವಿಗೆ 300 ವೋಲ್ಟ್ ಡಿಸಿ ಬೇಕು ಅಂತಾರಲ್ಲ, ಹೊಸಬ ಮನೆಯಲ್ಲಿ ಕೂತು ಮಾಡೋ ಕೆಲಸನಾ ಇದು? ನೇರವಾಗಿ ಹೇಳಿ, ಬೇಜಾರಿಲ್ಲ.

ಮೈಕ್‌ಸೆಟ್ ಹುಡುಗ, ಗಂಗಾವತಿ

ಅಣ್ಣಾ, ನೇರ ಹೇಳು ಅಂದ್ರಿ, ಹೇಳ್ತೀನಿ. ವಾಲ್ವ್ ಬ್ಯಾಡ. ನೀವು ಪೆಂಡಾಲಿಗೆ ಒಯ್ಯೋ ಮಾಲು ಇದು. ಮಿನಿ ಲಾರ್‍ಯಾಗ ಸ್ಪೀಕರ್ ಬಾಕ್ಸಿನ ಮ್ಯಾಲೆ ಕುಂತು ಬರ್ಬೇಕು. ಟ್ಯಾಂಕ್ ಹೆಂಗಿದ್ರೂ ನಿಮ್ಮ ಕೈಯಾಗ ಐತಿ, ಎಲ್‌ಎಂ386 ಐಸಿ ಹಾಕಿ ಡ್ರೈವ್ ಮಾಡ್ರಿ, ಆ ಕಡೆ ಟಿಎಲ್072 ಐಸಿ ಹಾಕಿ ಸಿಗ್ನಲ್ ಎತ್ತಿಕೊಳ್ರಿ, ಒಂಬತ್ತು ವೋಲ್ಟಿನಾಗ ಮುಗೀತು. ನಿಮ್ಮ ಟ್ಯಾಂಕಿನ ಇನ್‌ಪುಟ್ 8 ಓಮ್, ಹಂಗಾಗಿ ಟಿಎಲ್072ನಿಂದ ಸೀದಾ ಎಳೆಸಾಕ ಆಗಂಗಿಲ್ಲ, ಅದಕ್ಕ 386. ಪಿಎಎಂ8403 ಆಂಪ್ ಬೋರ್ಡ್ ಅಗ್ಗ ಸಿಗತೈತಿ ಅಂತ ತರಬ್ಯಾಡ್ರಿ, ಅದರ ಔಟ್‌ಪುಟ್ಟಿನ ಎರಡೂ ತುದಿ ಗ್ರೌಂಡ್ ಅಲ್ಲ, ಎಲ್ಲೋ ಒಂದ್ಕಡೆ ಷಾಸಿಗೆ ತಾಗಿದ್ರ ಐಸಿ ಹೋತು.

ಹಟ ಹಿಡಿದು ವಾಲ್ವೇ ಮಾಡ್ತೀನಿ ಅಂದ್ರ, ಟ್ರಾನ್ಸ್‌ಫಾರ್ಮರಿಗೆ ಒಂದು ದಾರಿ ಐತಿ. ನಮ್ಮ ಕಾಲಂ ಸ್ಪೀಕರಿನಾಗ 100 ವೋಲ್ಟ್ ಲೈನಿನ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಇರ್ತಾವು. 10,000 ಅನ್ನ ಟ್ಯಾಪಿನ ವ್ಯಾಟಿನಿಂದ ಭಾಗಿಸ್ರಿ, ಪ್ರೈಮರಿ ಓಮ್ ಸಿಗತೈತಿ. 1 ವ್ಯಾಟ್ ಟ್ಯಾಪ್ ಅಂದ್ರ 10 ಕಿಲೋ ಓಮ್. ಆ ಕಡೆ 8 ಓಮ್ ಸಿದ್ಧ ಇರತೈತಿ. ಸುಟ್ಟ ಸ್ಪೀಕರಿಂದ ಬಿಚ್ಚಿದ್ದು ನಮ್ಮ ಗೋಡೌನಿನಾಗ ಬಕೆಟ್ ತುಂಬ ಅದಾವು.

ತೀನ್ ಕಂದೀಲ್ ರೇಡಿಯೋ, ರಾಯಚೂರು

ತಮ್ಮಾ, ಮಂದಿ ಲೈಸೆನ್ಸಿನ ಪುಸ್ತಕ ಹಿಡ್ಕೊಂಡು ಪೋಸ್ಟಾಫೀಸಿಗೆ ಹೋಗಿ ರೇಡಿಯೋದ ರೊಕ್ಕ ಕಟ್ಟಿ ಬರ್ತಿದ್ದ ಕಾಲದಿಂದ ವಾಲ್ವ್ ನೋಡೀನಿ. ಗಿಟಾರ್ ನನಗ ಬರಂಗಿಲ್ಲ. ಆದ್ರ ನೀ ಹೇಳಿದ 6ಜಿ15 ಸರ್ಕ್ಯೂಟ್ ತೆಗೆಸಿ ಮುಂದ ಇಟ್ಕೊಂಡು ಓದಿದೆ. ಅದರಾಗ ಹೊಸಾದು ಏನೂ ಇಲ್ಲ. ಒಂದು ಸಣ್ಣ ವಾಲ್ವ್ ಸಿಗ್ನಲ್ ಎತ್ತತದ, 6ಕೆ6 ಅನ್ನೋ ಇನ್ನೊಂದು ವಾಲ್ವ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನ ನೂಕತದ. ರೇಡಿಯೋದಾಗೂ ಅದೇ ಇರ್ತದ. ಸ್ಪೀಕರ್ ಇರೋ ಜಾಗಕ್ಕ ಅವರು ಸ್ಪ್ರಿಂಗ್ ಹಚ್ಯಾರ, ಅಷ್ಟೇ. ನಿನ್ನ ಸೋದರಮಾವನ ರೇಡಿಯೋದೊಳಗ ಅರ್ಧ ರಿವರ್ಬ್ ಆಗಲೇ ತಯಾರದ. ಟ್ರಾನ್ಸ್‌ಫಾರ್ಮರ್ ಒಂದನ್ನ ಕಿತ್ತಿ ತೆಗೀಬ್ಯಾಡ, ಷಾಸಿ ಹಂಗೇ ಇರಲಿ.

ಆದ್ರ ಮದ್ಲು ಒಂದು ಕೆಲಸ. ವಾಲ್ವಿನ ಮ್ಯಾಲಿನ ನಂಬರ್ ಓದು. ಇ ಅಕ್ಷರದಿಂದ ಸುರು ಆಗಿದ್ರ ಹೀಟರ್ (ವಾಲ್ವಿನೊಳಗ ಕಾಯೋ ತಂತಿ) 6.3 ವೋಲ್ಟಿಂದು, ಅಂಥ ಸೆಟ್ಟಿನಾಗ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರ್ತದ. ಯು ಅಕ್ಷರದಿಂದ ಇದ್ರ, ಯುಸಿಎಚ್81, ಯುಬಿಎಫ್89, ಯುಸಿಎಲ್82, ಯುವೈ85 ಅಂತ, ಆ ಸೆಟ್ ಅಲ್ಲಿಗೇ ಬಿಟ್ಟುಬಿಡು. ಅವು ಎಸಿ-ಡಿಸಿ ಸೆಟ್. ಎಲ್ಲಾ ಹೀಟರ್ ಸಾಲಾಗಿ ಕೂಡಿಸಿ, ಟ್ರಾನ್ಸ್‌ಫಾರ್ಮರ್ ಇಲ್ಲದೇ ಸೀದಾ ಮೇನ್ಸಿಗೆ ಕೊಟ್ಟಿರ್ತಾರ, ಕರೆಂಟಿನ ಒಂದು ತುದಿ ಷಾಸಿಗೇ ಬಂದಿರ್ತದ. ಪ್ಲಗ್ ತಿರುಗಿಸಿ ಹಾಕಿದ್ರ ಷಾಸಿಗೆ 230 ವೋಲ್ಟ್. ಮರದ ಕ್ಯಾಬಿನೆಟ್ಟು, ಪ್ಲಾಸ್ಟಿಕ್ ನಾಬು ಇದ್ದದ್ದಕ್ಕ ಮನ್ಯಾಗಿನ ಮಂದಿ ಉಳಕೊಂಡ್ರು. ಅದಕ್ಕ ಗಿಟಾರ್ ಹಚ್ಚಿದ್ರ ಷಾಸಿ ಅಂದ್ರ ನಿನ್ನ ತಂತಿ, ತಂತಿ ಅಂದ್ರ ನಿನ್ನ ಬೆರಳು.

300 ವೋಲ್ಟಿನ ಮಾತು ಕೇಳಿದಿ. ಹೆದರಬೇಕಾದ್ದೇ, ಅದಕ್ಕ ಪದ್ಧತಿ ಇಟ್ಕೊಂಡು ಕೆಲಸ ಮಾಡ್ಬೇಕು. ಸ್ವಿಚ್ ಬಂದ್ ಮಾಡಿದ ಮ್ಯಾಲೂ ಫಿಲ್ಟರ್ ಕೆಪಾಸಿಟರ್ ತುಂಬಿಕೊಂಡೇ ಕುಂತಿರ್ತದ. ಅದರ ಅಡ್ಡಕ್ಕ 220 ಕಿಲೋ ಓಮ್, 2 ವ್ಯಾಟಿನ ರೆಸಿಸ್ಟರ್ ಖಾಯಂ ಹಾಕಿಬಿಡು. 47 ಮೈಕ್ರೋಫ್ಯಾರಡ್‌ನವು ಎರಡು ಇದ್ರ ಎರಡು ನಿಮಿಷದಾಗ ಇಳೀತದ. ಇಳಿದದ ಅಂತ ನಂಬಬ್ಯಾಡ, ಮೀಟರ್ ಇಟ್ಟು ನೋಡಿ ಆಮ್ಯಾಲ ಕೈ ಹಾಕು. ಚಾಲೂ ಇದ್ದಾಗ ಅಳೀಬೇಕಂದ್ರ ಮೀಟರಿನ ಕರಿ ತುದಿ ಷಾಸಿಗೆ ಕ್ಲಿಪ್ ಹಾಕು, ಒಂದೇ ಕೈಯಾಗ ಕೆಂಪು ತುದಿ ಹಿಡಿ, ಇನ್ನೊಂದು ಕೈ ಕಿಸೇದಾಗ ಇರಲಿ. ಮನ್ಯಾಗ ಇನ್ನೊಬ್ಬರು ಇದ್ದಾಗ ಮಾತ್ರ ಮಾಡು.

ವರ್ಷಗಟ್ಟಲೆ ಕುಂತ ಸೆಟ್ಟಿಗೆ ಒಮ್ಮೆಲೇ ಕರೆಂಟ್ ಕೊಡಬ್ಯಾಡ. ಮೇನ್ಸ್ ವಯರಿನಾಗ 60 ವ್ಯಾಟಿನ ಬಲ್ಬ್ ಸೀರೀಸ್ ಹಾಕು. ಎಲ್‌ಇಡಿ ನಡೆಯಂಗಿಲ್ಲ, ಹಳೇ ಫಿಲಮೆಂಟ್ ಬಲ್ಬೇ ಆಗ್ಬೇಕು. ಚಾಲೂ ಮಾಡಿದಾಗ ಒಮ್ಮೆ ಮಿಂಚಿ ಮಂದ ಆದ್ರ ಸರಿ. ಪೂರ್ತಿ ಬೆಳಕಿನ್ಯಾಗೇ ನಿಂತ್ರ ಒಳಗ ಶಾರ್ಟ್ ಅದ.

ಗಂಗಾವತಿ ತಮ್ಮ ಹೇಳಿದ ಲೈನ್ ಟ್ರಾನ್ಸ್‌ಫಾರ್ಮರ್ ಲೆಕ್ಕ ಬರೋಬ್ಬರಿ ಅದ. ಆದ್ರ ಅದರ ಕೋರಿನಾಗ ಗಾಳಿ ಸಂದು ಇರಂಗಿಲ್ಲ. ಒಂಟಿ ವಾಲ್ವಿನ ಡಿಸಿ ಅದರಾಗ ಹರಿದ್ರ ಕೋರ್ ಸ್ಯಾಚುರೇಟ್ ಆಗಿ ಕಟ್ಟಿಕೊಂತದ, ಸಿಗ್ನಲ್ ಸರಿಯಾಗಿ ದಾಟಂಗಿಲ್ಲ. 100 ವೋಲ್ಟಿಗೆ ಸುತ್ತಿದ್ದಕ್ಕ 300 ವೋಲ್ಟಿನ ಕೆಲಸ ಖಾಯಂ ಕೊಡೋದು ನನಗ ಒಪ್ಪಿಗಿ ಇಲ್ಲ. ಮೋಟಾರ್ ಸುತ್ತೋರಿಗೂ ಕೊಡಬ್ಯಾಡ, ಅವರದು ಬ್ಯಾರೆ ಕಸುಬು. ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಂಟಿ ವಾಲ್ವಿಗಂತಲೇ ಮಾಡಿದ್ದು, ಅದು ಸುಟ್ಟಿರದಿದ್ರ ಮತ್ತೊಂದು ಹುಡುಕೋ ಕೆಲಸನ ಇಲ್ಲ.

ವಾಲ್ವಿನ ನಂಬರ್ ಬರಿ, ಮುಂದಿಂದು ಹೇಳ್ತೀನಿ.

ಕೌಲ್‌ಬಜಾರ್ ಗಿಟಾರ್, ಬಳ್ಳಾರಿ

ಸಾರ್, ತುಂಬಾ ಥ್ಯಾಂಕ್ಸ್. ಬ್ರಷ್ಷಲ್ಲಿ ಧೂಳು ಹೊಡೆದು ಓದಿದೆ. ಇಸಿಎಚ್81, ಇಬಿಎಫ್89, ಇಎಬಿಸಿ80, ಇಎಲ್84, ಇಝಡ್80. ಇಎಲ್84 ಮೇಲೆ ಬಿಇಎಲ್ ಅಂತ ಐತೆ. ಎಲ್ಲಾ ಇ! ಮೇನ್ಸ್ ಟ್ರಾನ್ಸ್‌ಫಾರ್ಮರ್ ದಪ್ಪದ್ದೇ ಐತೆ, ಹಿಂದ್ಗಡೆ 110, 200, 220, 240 ಅಂತ ತಿರುಗಿಸೋ ಬಿಲ್ಲೆ, ಈಗ 220ರಲ್ಲಿ ಕೂತೈತೆ. ಪಕ್ಕದಲ್ಲೇ ಗ್ರಾಮಫೋನ್ ಚಿತ್ರ ಇರೋ ಎರಡು ತೂತು ಐತೆ.

ಟ್ಯಾಂಕ್ ಮೀಟರಲ್ಲಿ ನೋಡಿದೆ. ಒಂದು ಕಡೆ ಓಮ್ ಹೆಚ್ಚುಕಮ್ಮಿ ಶಾರ್ಟ್ ಇದ್ದಂಗೆ ತೋರಿಸ್ತೈತೆ, ಇನ್ನೊಂದು ಕಡೆ 200ರ ಹತ್ತಿರ. 8 ಓಮ್ ಅಂದ್ರಲ್ಲ, ಕೆಟ್ಟೈತಾ?

ಗಂಗಾವತಿ ತಮ್ಮ, ನಿಮ್ಮ ಮಾತೂ ಖರೆ. ಆದ್ರೆ ಐಸಿ ಬೋರ್ಡು ದಿನಾ ಯೂನಿಟಲ್ಲಿ ನೋಡಿ ನೋಡಿ ಸಾಕಾಗೈತೆ.

ತೀನ್ ಕಂದೀಲ್ ರೇಡಿಯೋ, ರಾಯಚೂರು

ಟ್ಯಾಂಕ್ ಚೆನ್ನಾಗದ. 8 ಓಮ್ ಅನ್ನೋದು 1 ಕಿಲೋಹರ್ಟ್ಸ್‌ನಾಗಿನ ಇಂಪೆಡೆನ್ಸ್, ಅಂದ್ರ ಆ ಸಿಗ್ನಲ್ಲಿಗೆ ಎದುರಾಗೋ ಓಮ್, ಮೀಟರ್ ತೋರಿಸೋದು ಬರೀ ತಂತಿಯ ಓಮ್. ಅದು 0.8ರ ಆಸುಪಾಸು ಇರ್ಬೇಕು, ಔಟ್‌ಪುಟ್ ಕಡೆ 200. ಓಪನ್ ತೋರಿಸಿದ್ರ ಸಾಕೆಟ್ಟಿಂದ ಕಾಯಿಲ್‌ಗೆ ಹೋಗೋ ಕೂದಲಿನಂಥ ವಯರ್ ಹರಿದದ ಅಂತ ತಿಳ್ಕೊ. ನಿನ್ನ ನಂಬರಿನಾಗ 4ರ ಮುಂದಿನ ಎ ಅಂದ್ರ 8 ಓಮ್ ಇನ್‌ಪುಟ್, ಬಿ ಅಂದ್ರ 2250 ಓಮ್ ಔಟ್‌ಪುಟ್, 3 ಅಂದ್ರ ಉದ್ದ ಗುಂಗು. ಆಮ್ಯಾಲಿನ ಸಿ ಮುಖ್ಯ. ಔಟ್‌ಪುಟ್ ಸಾಕೆಟ್ಟು ಡಬ್ಬಿಗೆ ಗ್ರೌಂಡ್ ಆಗಿರ್ತದ, ಇನ್‌ಪುಟ್ ಆಗಿರಂಗಿಲ್ಲ. ಹಂಗೇ ಉಳಿಸ್ಕೊ, ಎರಡೂ ಕೂಡಿಸಿದ್ರ ಹಮ್ (ಗುಂಯ್ ಅನ್ನೋ ಕರೆಂಟಿನ ಸದ್ದು) ಸುರು. ಕೊನೀ ಬಿ ಅಂದ್ರ ಅಡ್ಡಕ್ಕ, ತೆರೆದ ಮಗ್ಗುಲು ಕೆಳಗ ಮಾಡಿ ಕೂಡಿಸೋದು.

ಈಗ ಸೆಟ್ಟಿಗೆ ಬಾ. ಮದ್ಲು ಆ ಬಿಲ್ಲೆ 240ಕ್ಕ ತಿರುಗಿಸು. ನಿಮ್ಮಲ್ಲಿ ರಾತ್ರಿ ಲೋಡ್ ಇಳಿದಾಗ ಕರೆಂಟ್ 240 ದಾಟೋದು ಹೊಸಾದಲ್ಲ. 220ರ ಟ್ಯಾಪಿಗೆ 240 ಬಂದ್ರ 6.3 ಇರೋ ಹೀಟರ್ 6.87 ಆಗ್ತದ, ವಾಲ್ವಿನ ಆಯುಷ್ಯ ಕಮ್ಮಿ.

ಎರಡು ಪಿನ್ನಿನ ಹಳೇ ವಯರ್ ಕಿತ್ತು ಬಿಸಾಕು. ಮೂರು ಪಿನ್ ಹಾಕು, ಹಸಿರು ವಯರ್ ಷಾಸಿಗೆ ಬೋಲ್ಟ್ ಹಾಕಿ ಬಿಗಿ, ಬರೀ ಸೋಲ್ಡರ್ ಸಾಲದು. ಫ್ಯೂಸ್ ಅರ್ಧ ಆಂಪಿಯರ್, ಸ್ಲೋ ಬ್ಲೋ. ಫಿಲ್ಟರಿನ ಹಳೇ ಎಲೆಕ್ಟ್ರೋಲಿಟಿಕ್ ತೆಗೆದು 47 ಮೈಕ್ರೋಫ್ಯಾರಡ್, 450 ವೋಲ್ಟಿಂದು ಹಾಕು. ದೊಡ್ಡದಿದ್ರ ಹಮ್ ಕಮ್ಮಿ ಅಂತ 100 ಹಾಕಬ್ಯಾಡ, ಎಸಿಯನ್ನ ಡಿಸಿ ಮಾಡೋ ಇಝಡ್80ಕ್ಕ ಮದಲನೇ ಕೆಪಾಸಿಟರ್ 50ರ ತನಕ ಮಾತ್ರ. ಮೇಣದ ಕಾಗದದ ಕೆಪಾಸಿಟರ್ ಎಲ್ಲಾ ಕಿತ್ತು ಹಾಕು. ಅದರಾಗೂ ಔಟ್‌ಪುಟ್ ವಾಲ್ವ್ ಇಎಲ್84ರ ಗ್ರಿಡ್ಡಿಗೆ, ಅಂದ್ರ ಸಿಗ್ನಲ್ ಒಳಗ ಹೋಗೋ ಕಾಲಿಗೆ, ಹೋಗೋದು. ಅದು ಸೋರಿದ್ರ ಗ್ರಿಡ್ ಪಾಸಿಟಿವ್ ಆಗ್ತದ, ವಾಲ್ವಿನ ಪ್ಲೇಟ್ ಕೆಂಪಗ ಕಾಯ್ತದ, ಹಿಂದೇ ಟ್ರಾನ್ಸ್‌ಫಾರ್ಮರೂ ಹೋಗ್ತದ.

ಆ ಗ್ರಾಮಫೋನಿನ ತೂತು ಅದ ಅಂದಿಯಲ್ಲ, ಅದೇ ನಿನ್ನ ಗಿಟಾರಿನ ಬಾಗಿಲು. ಅಲ್ಲಿಂದ ಸಿಗ್ನಲ್ ವಾಲ್ಯೂಮ್ ಕಂಟ್ರೋಲಿಗೆ, ಅಲ್ಲಿಂದ ಇಎಬಿಸಿ80ರೊಳಗಿನ ಟ್ರಯೋಡಿಗೆ, ಆಮ್ಯಾಲ ಇಎಲ್84ಕ್ಕ ಹೋಗ್ತದ. ಆ ಟ್ರಯೋಡಿನ ಮ್ಯೂ, ಅಂದ್ರ ಸಿಗ್ನಲ್ ಎತ್ತೋ ಶಕ್ತಿ, 70, ಕಮ್ಮಿ ಏನಲ್ಲ. ರೇಡಿಯೋದ ವಾಲ್ಯೂಮ್ ನಾಬೇ ನಿನ್ನ ಡ್ವೆಲ್ ಆಯ್ತು. ಸ್ಪೀಕರಿನ ವಯರ್ ಬಿಡಿಸಿ ಟ್ಯಾಂಕಿನ ಇನ್‌ಪುಟ್ಟಿಗೆ ಕೊಡು. ಟ್ಯಾಂಕಿನ ಔಟ್‌ಪುಟ್ ಸದ್ಯಕ್ಕ ನಿನ್ನ ಗಿಟಾರ್ ಆಂಪಿಗೆ ಸೀದಾ ಹಾಕಿ ಕೇಳು. ಹೊಸಾದಾಗಿ ಒಂದು ವಾಲ್ವೂ ಕೊಳ್ಳದೇ ನೀ ಹೇಳೋ ಆ ತೊಟ್ಟಿಕ್ಕೋ ಸದ್ದು ಬರ್ತದೋ ಇಲ್ಲೋ ಗೊತ್ತಾಗ್ತದ.

ಹಂಗ ಹಚ್ಚೂಕಿಂತ ಮದ್ಲು ಮೂರು ಬದಲಾವಣಿ. ಒಂದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯಿಂದ ಹಿಂದಕ್ಕ ಫೀಡ್‌ಬ್ಯಾಕ್ ವಯರ್ ಹೋಗಿದ್ರ ಅದನ್ನ ಬಿಡಿಸು. ಟ್ಯಾಂಕಿನ ಕಾಯಿಲ್ ಓಮ್ ಫ್ರೀಕ್ವೆನ್ಸಿ ಏರಿದಂಗ ಏರ್ತದ, 5 ಕಿಲೋಹರ್ಟ್ಸಿಗೆ 40ರ ಹತ್ರ. ಸ್ಪ್ರಿಂಗ್ ತಿರುಗಿಸೋದು ಕರೆಂಟು, ವೋಲ್ಟೇಜ್ ಅಲ್ಲ. ಫೀಡ್‌ಬ್ಯಾಕ್ ಇಲ್ಲದ ಪೆಂಟೋಡ್ (ಇಎಲ್84 ಅಂಥ ವಾಲ್ವ್) ಆ ಕರೆಂಟ್ ಹಿಡಿದು ನೂಕತದ, ಫೀಡ್‌ಬ್ಯಾಕ್ ಇದ್ರ ಮ್ಯಾಲಿನ ಸ್ವರ ಸತ್ತು ಹೋಗ್ತದ. ಎರಡು, ಇಎಲ್84ರ ಗ್ರಿಡ್ ಕೆಪಾಸಿಟರ್ 1 ನ್ಯಾನೋಫ್ಯಾರಡ್ ಮಾಡು. ಗ್ರಿಡ್ ರೆಸಿಸ್ಟರ್ 470 ಕಿಲೋ ಇದ್ರ 340 ಹರ್ಟ್ಸಿನ ಕೆಳಗಿನ ಬಾಸ್ ಇಳೀತದ. ಫೆಂಡರಿನವರೂ ತಮ್ಮ ರಿವರ್ಬ್ ಇರೋ ಆಂಪಿನಾಗ 500 ಪಿಕೋಫ್ಯಾರಡ್, 1 ಮೆಗ್ ಇಟ್ಟು ಹೆಚ್ಚುಕಮ್ಮಿ ಅಲ್ಲೇ ಕತ್ತರಿಸ್ಯಾರ. ಬಾಸ್ ಟ್ಯಾಂಕಿನೊಳಗ ಹೋದ್ರ ಸ್ಪ್ರಿಂಗ್ ಗುಡುಗತದ, ಮತ್ತೇನಿಲ್ಲ. ಮೂರು, ಸೆಕೆಂಡರಿಗೆ ಅಡ್ಡಕ್ಕ 47 ಓಮ್, 2 ವ್ಯಾಟ್ ಖಾಯಂ ಇರಲಿ. ಟ್ಯಾಂಕಿನ ವಯರ್ ಸ್ಟೇಜಿನಾಗ ಬಿಚ್ಚಿ ಬಿದ್ರ ಲೋಡ್ ಇಲ್ಲದ ಪೆಂಟೋಡ್ ಟ್ರಾನ್ಸ್‌ಫಾರ್ಮರಿನಾಗ ಕಿಡಿ ಹಾರಿಸ್ತದ.

ಇಂಪೆಡೆನ್ಸ್ ಹೊಂದ್ತದೇನು ಅಂತ ಕೇಳಬಹುದು. ಇಎಲ್84ಕ್ಕ 5.2 ಕಿಲೋ ಓಮ್ ಲೋಡ್ ಸಾಮಾನ್ಯ. ನಿನ್ನ ಸ್ಪೀಕರ್ 4 ಓಮ್ ಇದ್ದಿದ್ರ, ಆ ಜಾಗದಾಗ 8 ಓಮ್ ಟ್ಯಾಂಕ್ ಹಚ್ಚಿದಾಗ ವಾಲ್ವಿಗೆ 10.4 ಕಿಲೋ ಕಾಣ್ತದ. ಟ್ಯಾಂಕಿಗೆ ಬೇಕಾಗಿರೋದು 28 ಮಿಲಿ ಆಂಪಿಯರ್, ಹಂಗಾಗಿ ಇಷ್ಟು ಧಾರಾಳ ಆಯ್ತು.

ಇದೆಲ್ಲಾ ಸರಿ ನಡೆದ ಮ್ಯಾಲ ಇಸಿಎಚ್81, ಇಬಿಎಫ್89 ತೆಗೆದುಹಾಕು, ರೇಡಿಯೋ ಭಾಗ ನಿನಗ ಬ್ಯಾಡ. ಎರಡೂ ಕೂಡಿ 0.6 ಆಂಪಿಯರ್ ಹೀಟರ್ ಉಳೀತದ. ಅದರಾಗ ಒಂದು ಇಸಿಸಿ83 ಹಾಕು, ಅದು ತಿನ್ನೋದು 0.3. ಅಮೆರಿಕದವರ 12ಎಎಕ್ಸ್7 ಅಂದ್ರ ಅದೇ. ಅರ್ಧ ವಾಲ್ವ್ ಟ್ಯಾಂಕಿಂದ ಬರೋ ಕೆಲವೇ ಮಿಲಿವೋಲ್ಟನ್ನ ಎತ್ತಲಿ: ಗ್ರಿಡ್ಡಿಗೆ 220 ಕಿಲೋ, ಪ್ಲೇಟಿಗೆ 100 ಕಿಲೋ, ಕ್ಯಾಥೋಡಿಗೆ 1.5 ಕಿಲೋ ಮತ್ತು 25 ಮೈಕ್ರೋಫ್ಯಾರಡ್. ಇನ್ನರ್ಧದಾಗ ಒಣ ಗಿಟಾರನ್ನೂ ಇದನ್ನೂ ಕೂಡಿಸು. ವಾಲ್ವ್ ಕೂಡಿಸೋ ಬೇಸು (ಸಾಕೆಟ್) ಬೆಂಗಳೂರಿನ ಎಸ್.ಪಿ. ರೋಡಿನಾಗ ಸಿಗತದ. ನಾನು ಹೈದರಾಬಾದಿಗೆ ಹೋಗಿ ಕೋಠಿಯ ಗುಜರಾತಿ ಗಲ್ಲಿಯಾಗ ತರ್ತಿದ್ದೆ, ನಮಗ ಅದೇ ಹತ್ರ.

ಭೌತಶಾಸ್ತ್ರ ಪಾಠ, ಕೊಪ್ಪಳ

ಚರ್ಚೆ ಚೆನ್ನಾಗಿದೆ. ಡಿಜಿಟಲ್ ಪೆಡಲಿನಲ್ಲಿ ಆ 'ತೊಟ್ಟಿಕ್ಕು' ಬರಲ್ಲ ಎಂದು ಹೇಳಿದ್ದಕ್ಕೆ ಒಂದು ಮಾತು. ಗಾಳಿಯಲ್ಲಿ ಎಲ್ಲ ಸ್ವರವೂ ಒಂದೇ ವೇಗದಲ್ಲಿ ಓಡುತ್ತದೆ, ಸುರುಳಿ ಸ್ಪ್ರಿಂಗಿನಲ್ಲಿ ಹಾಗಲ್ಲ. ಸುಮಾರು 4 ಕಿಲೋಹರ್ಟ್ಸ್ ತನಕ ಕೆಳಗಿನ ಸ್ವರ ಮುಂಚೆ ಬಂದು ಮೇಲಿನದು ಹಿಂದೆ ಬೀಳುತ್ತದೆ. ನೀವು 'ಟಕ್' ಅಂತ ಕೊಟ್ಟದ್ದು ಆ ತುದಿಯಲ್ಲಿ 'ಟುಯ್' ಆಗಿ ಎಳೆದು ಹೊರಬರುತ್ತದೆ, ಪ್ರತಿ ಸಲ ಹಿಂದಿರುಗಿ ಬಂದಾಗ ಇನ್ನಷ್ಟು ಎಳೆಯುತ್ತದೆ. ನಿಮ್ಮ ಟ್ಯಾಂಕಿನ ಎರಡು ಸಾಲುಗಳ ವಿಳಂಬ ಸುಮಾರು 33 ಮತ್ತು 41 ಮಿಲಿಸೆಕೆಂಡ್. ಎರಡೂ ಸಮ ಇದ್ದರೆ ಒಂದೇ ತಾಳದ ಪ್ರತಿಧ್ವನಿ ಕೇಳುತ್ತಿತ್ತು, ಬೇಕೆಂದೇ ಬೇರೆ ಬೇರೆ ಇಟ್ಟಿದ್ದಾರೆ.

ಇದು ಮೊದಲು ಗಿಟಾರಿಗೆ ಹುಟ್ಟಿದ್ದೇ ಅಲ್ಲ. ದೂರದ ಟೆಲಿಫೋನ್ ಲೈನಿನ ವಿಳಂಬವನ್ನು ಪ್ರಯೋಗಾಲಯದಲ್ಲಿ ತೋರಿಸಲು ಬೆಲ್ ಲ್ಯಾಬ್ಸ್‌ನವರು ಸ್ಪ್ರಿಂಗ್ ಬಳಸಿದ್ದರು. ಮನೆಯಲ್ಲಿ ನುಡಿಸುವ ಆರ್ಗನ್ನಿಗೆ ಚರ್ಚಿನ ಗುಂಗು ಬರಲಿ ಅಂತ ಲಾರೆನ್ಸ್ ಹ್ಯಾಮಂಡ್ ಅದನ್ನು ಎತ್ತಿಕೊಂಡರು.

ಮೈಕ್‌ಸೆಟ್ ಹುಡುಗ, ಗಂಗಾವತಿ

ಕಾಕಾ ಹೇಳಿದ್ಮ್ಯಾಲೆ ನಾನು ಐಸಿ ಮಾತು ವಾಪಸ್ ತಗೊಂಡೆ ಅಂತ ಅಲ್ಲ, ಆದ್ರ ರೇಡಿಯೋನೇ ಡ್ರೈವರ್ ಮಾಡೋದು ನನಗೂ ಹೊಳೆದಿರಲಿಲ್ಲ.

ಅಣ್ಣಾ, ಒಂದು ಮಾತು ಕಡ್ಡಾಯ. ಪೆಂಡಾಲಿನಾಗ ಜನರೇಟರ್ ಮ್ಯಾಲೆ ನಡೆಸೋ ಮುಂದ ಅರ್ಥಿಂಗ್ ಐತೋ ಇಲ್ಲೋ ನೋಡ್ರಿ. ಬಹಳ ಕಡೆ ರಾಡ್ ಹೊಡೆದಿರಂಗಿಲ್ಲ. ಗಿಟಾರ್ ಒಂದು ಬೋರ್ಡಿನಾಗ, ಮೈಕ್ ಇನ್ನೊಂದು ಬೋರ್ಡಿನಾಗ ಇದ್ರ, ಹಾಡ್ಲಿಕ್ಕೆ ಮೈಕಿಗೆ ತುಟಿ ಹಚ್ಚಿದ ಕೂಡ್ಲೆ ಚುರ್ ಅಂತೈತಿ. ಎರಡನ್ನೂ ಒಂದೇ ಬೋರ್ಡಿನಿಂದ ತಗೋರಿ. ಹಮ್ ಬರ್ತೈತಿ ಅಂತ ಅರ್ಥ್ ಪಿನ್ ಮುರಿಯೋರು ನಮ್ಮ ಲೈನಿನಾಗ ಅದಾರ, ಅಂಥವರ ಮಾತು ಕೇಳಬ್ಯಾಡ್ರಿ.

60 ವ್ಯಾಟಿನ ಫಿಲಮೆಂಟ್ ಬಲ್ಬ್ ಬೇಕಂದ್ರ ನಮ್ಮಲ್ಲಿ ಅದಾವು, ಹಳೇ ಸೀರಿಯಲ್ ಸೆಟ್ ಪೆಟ್ಟಿಗ್ಯಾಗ. ಬಳ್ಳಾರಿ ಕಡೆ ಬಂದಾಗ ಕೊಡ್ತೀನಿ.

ಕೌಲ್‌ಬಜಾರ್ ಗಿಟಾರ್, ಬಳ್ಳಾರಿ

ಬಲ್ಬ್ ಬೇಕು ತಮ್ಮಾ, ಇಲ್ಲಿ ಅಂಗಡೀಲೆಲ್ಲಾ ಎಲ್‌ಇಡಿನೇ. ಕೆಪಾಸಿಟರ್, ಮೂರು ಪಿನ್ ವಯರ್, ಫ್ಯೂಸ್ ಹೋಲ್ಡರ್ ತಂದೀನಿ. ಸೆಟ್ಟಿಗೆ ಇನ್ನೂ ಕರೆಂಟ್ ಕೊಟ್ಟಿಲ್ಲ, ಬಲ್ಬ್ ಬರೋವರೆಗೂ ಕೊಡಲ್ಲ. ಕೊಪ್ಪಳದ ಸಾರ್ ಹೇಳಿದ್ದು ಕೇಳಿ ಟ್ಯಾಂಕ್ ಕೈಯಲ್ಲೇ ಹಿಡಿದು ಉಗುರಲ್ಲಿ ಸ್ಪ್ರಿಂಗ್ ತಟ್ಟಿದೆ, ಔಟ್‌ಪುಟ್ ಆಂಪಿಗೆ ಹಾಕಿ. ಬರೀ ಅದಕ್ಕೇ ಗುಡುಗು ಹೊಡೆದಂಗೆ ಆಗಿ ಮಗಳು ಎದ್ದು ಕೂತ್ಳು.

ಸಾರ್, ಪೆಟ್ಟಿಗೆ ಮಾಡಿಸೋಕೆ ಬಡಗಿಗೆ ಅಳತೆ ಕೊಡ್ಬೇಕು. ಟ್ಯಾಂಕ್ 17 ಇಂಚಿನ ಹತ್ತಿರ ಐತೆ. ಷಾಸಿ ಮೇಲೆ, ಟ್ಯಾಂಕ್ ಕೆಳಗೆ ಇಟ್ರೆ ನಡೆಯುತ್ತಾ?

ತೀನ್ ಕಂದೀಲ್ ರೇಡಿಯೋ, ರಾಯಚೂರು

ನಡೀತದ. ಟ್ಯಾಂಕಿನ ಔಟ್‌ಪುಟ್ ತುದಿ ಮೇನ್ಸ್ ಟ್ರಾನ್ಸ್‌ಫಾರ್ಮರಿನಿಂದ ಎಷ್ಟು ದೂರ ಆಗ್ತದೋ ಅಷ್ಟು ದೂರ ಇರಲಿ, ಆ ಕಾಯಿಲ್ ಅಂದ್ರ 50 ಹರ್ಟ್ಸ್ ಹಿಡಿಯೋ ಬಲೆ. ಬಡಗಿಗೆ ಈಗಲೇ ಅಳತಿ ಕೊಡಬ್ಯಾಡ. ಮದ್ಲು ಮೇಜಿನ ಮ್ಯಾಲ ಎಲ್ಲಾ ಹರಡಿಕೊಂಡು ಚಾಲೂ ಮಾಡು, ಟ್ಯಾಂಕ್ ಕೈಯಾಗ ಹಿಡಿದು ಆ ಕಡೆ ಈ ಕಡೆ ತಿರುಗಿಸು, ಹಮ್ ಎಲ್ಲಿ ಬೀಳ್ತದೋ ಅಲ್ಲಿ ಚಾಕ್‌ಪೀಸಿಲೆ ಗುರುತು ಹಾಕು. ಆ ಗುರುತಿನ ಪ್ರಕಾರ ಪೆಟ್ಟಿಗಿ ಮಾಡಿಸು. ಟ್ಯಾಂಕನ್ನ ಮರಕ್ಕ ಸೀದಾ ಸ್ಕ್ರೂ ಹೊಡೀಬ್ಯಾಡ, ನಡುವ ದಪ್ಪ ಫೆಲ್ಟ್ ಇರಲಿ. ಹಿಂದಿನ ಹಲಗಿಗೆ ತೂತು ಬಿಡಿಸು, ಇಎಲ್84 ಮತ್ತು ಇಝಡ್80 ಎರಡೂ ಕಾಯ್ತಾವ, ನಮ್ಮ ಬ್ಯಾಸಗಿ ಬ್ಯಾರೆ.

ಚಾಲೂ ಮಾಡಿದ ದಿನ ಇಎಲ್84ರ ಕ್ಯಾಥೋಡಿನ ವೋಲ್ಟೇಜ್ ಅಳೆದು ಇಲ್ಲಿ ಬರಿ, ರೆಸಿಸ್ಟರ್ ಎಷ್ಟದ ಅನ್ನೋದೂ ಬರಿ. ಅದು 150 ಓಮಿನ ಹತ್ರ ಇದ್ರ 270 ಮಾಡಸೋಣ, ನಿನ್ನ ಕೆಲಸಕ್ಕ ಅಷ್ಟು ಕರೆಂಟ್ ಬೇಕಾಗಿಲ್ಲ.